ಆನ್‌ಲೈನ್‌ನಲ್ಲಿ ಇಂಗ್ಲಿಷ್: ಯಾವ ಟೂಲ್ ಯಾವ ಕೆಲಸಕ್ಕೆ?

ಇಂಗ್ಲಿಷ್ ಕಲಿಯಲು ಯಾವ ಆ್ಯಪ್ ಒಳ್ಳೆಯದು ಎಂದು ಕೇಳಿ ನೋಡಿ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹತ್ತೂ ಒಳ್ಳೆಯವೇ ಇರಬಹುದು. ಆದರೆ ಆ ಆ್ಯಪ್ ನಿಮ್ಮಿಂದ ಏನು ಕೆಲಸ ಮಾಡಿಸುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನೋಡಬೇಕಾದದ್ದು ಅದನ್ನೇ.

ದಿನ ತಪ್ಪದೆ ಪಾಠ ಮುಗಿಸಿ, ಅಂಕದ ಮೇಲೆ ಅಂಕ ಗಳಿಸಿ, ಕೊನೆಗೆ ಯಾರೋ ಎದುರಿಗೆ ನಿಂತು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದರೆ ತಡವರಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಪರದೆಯ ಮೇಲೆ ನಾಲ್ಕು ಉತ್ತರ ಇಟ್ಟು, ಸರಿಯಾದದ್ದನ್ನು ಒತ್ತಿ ಅಂದಾಗ ನಾವು ಮಾಡುವುದು ಗುರುತಿಸುವ ಕೆಲಸ. ಉತ್ತರ ಕಣ್ಣ ಮುಂದೆಯೇ ಇರುತ್ತದೆ. ಮಾತಾಡುವಾಗ ಯಾರೂ ಹಾಗೆ ನಾಲ್ಕು ಆಯ್ಕೆ ಕೊಡುವುದಿಲ್ಲ, ಅಲ್ವಾ? ಪದವನ್ನು ನಾವೇ ನೆನಪಿನಿಂದ ಹೊರಗೆ ತೆಗೆಯಬೇಕು, ಅದೂ ಒಂದೆರಡು ಸೆಕೆಂಡಿನಲ್ಲಿ. ಗುರುತಿಸುವ ಅಭ್ಯಾಸ ಎಷ್ಟು ಮಾಡಿದರೂ ಹೊರತೆಗೆಯುವ ಅಭ್ಯಾಸ ತಾನಾಗಿ ಬರುವುದಿಲ್ಲ.

ಹೀಗೆ ನೆನಪಿನಿಂದ ಹೊರತೆಗೆಯುವುದರ ಲಾಭವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಚೆನ್ನಾಗಿ ತೋರಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ಹಾಳೆ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಹಾಳೆ ಮುಚ್ಚಿ ತಡಕಾಡಿದವರಿಗೇ ಜಾಸ್ತಿ ನೆನಪಿತ್ತು. ಮೊದಲನೆಯ ಗುಂಪಿನವರಿಗೆ ತಮಗೆ ಎಲ್ಲ ಬರುತ್ತದೆ ಎಂಬ ಧೈರ್ಯವೂ ಜಾಸ್ತಿ ಇತ್ತು ಅನ್ನುವುದು ಇದರಲ್ಲಿನ ತಮಾಷೆ. ಹಸಿರು ಬಣ್ಣದ ಸರಿ ಗುರುತುಗಳು ನಮಗೂ ಅಂಥದ್ದೇ ಧೈರ್ಯ ಕೊಡುತ್ತವೆ.

ಹಾಗಂತ ಡ್ಯುಯೊಲಿಂಗೊದಂಥ ಆ್ಯಪ್‌ಗಳು ದಂಡ ಅಂತಲ್ಲ. 2012ರಲ್ಲಿ ಎಲ್ಲರಿಗೂ ತೆರೆದುಕೊಂಡ ಆ ಆ್ಯಪ್ ದಿನಾ ಕೂತು ಕಲಿಯುವ ಅಭ್ಯಾಸ ಹಿಡಿಸುವುದರಲ್ಲಿ ಗಟ್ಟಿಗ. ತೀರಾ ಹೊಸಬರಿಗೆ ಅದು ಸಾಕು ಕೂಡ. ಒಂದೇ ಸಲಹೆ: ಚೆಲ್ಲಿರುವ ಪದಗಳನ್ನು ಜೋಡಿಸಿ ವಾಕ್ಯ ಮಾಡುವ ಕಡೆ ಕೀಬೋರ್ಡ್ ಬಳಸುವ ಆಯ್ಕೆ ಕಂಡರೆ ಅದನ್ನೇ ಒತ್ತಿ. ಅದೇ ಪಾಠ, ಆದರೆ ಮಾಡುವ ಕೆಲಸ ಬೇರೆ.

ಮೊದಲು ನಿಮ್ಮ ಮಟ್ಟ

ಇಂಗ್ಲಿಷ್ ಸೈಟ್‌ಗಳಲ್ಲಿ ಎ1, ಬಿ2 ಎಂಬ ಗುರುತುಗಳು ಕಾಣುತ್ತವೆ. ಇದು ಯುರೋಪ್ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಆರು ಮೆಟ್ಟಿಲಿನ ಅಳತೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಅಂದರೆ ಹೆಸರು, ಊರು, ಕೆಲಸ ಹೇಳಿಕೊಳ್ಳುವಷ್ಟು. ಬಿ1 ಅಂದರೆ ದಿನನಿತ್ಯದ ವ್ಯವಹಾರ ಹೇಗೋ ನಿಭಾಯಿಸುವಷ್ಟು. ಸಿ2ಕ್ಕೆ ಹೋಗಬೇಕಾದ ಅಗತ್ಯ ಬಹಳಷ್ಟು ಜನರಿಗೆ ಇಲ್ಲ. ಬ್ರಿಟಿಷ್ ಕೌನ್ಸಿಲ್ ಮತ್ತು ಕೇಂಬ್ರಿಜ್ ಸೈಟ್‌ಗಳಲ್ಲಿ ಪುಕ್ಕಟೆ ಪರೀಕ್ಷೆ ಇದೆ. ಬರೆದು ನೋಡಿ, ಆದರೆ ಬಂದ ಉತ್ತರವನ್ನು ಅಂದಾಜು ಎಂದುಕೊಳ್ಳಿ. ಓದುವುದರಲ್ಲಿ ಬಿ2 ಇರುವವರು ಮಾತಿನಲ್ಲಿ ಎ2 ಇರುವುದು ತೀರಾ ಸಾಮಾನ್ಯ.

ಓದಲು ಸಾಮಗ್ರಿ ಆರಿಸುವಾಗ ಇನ್ನೊಂದು ಅಳತೆ ಕೆಲಸಕ್ಕೆ ಬರುತ್ತದೆ. ಭಾಷಾ ಸಂಶೋಧಕ ಪಾಲ್ ನೇಷನ್ ಮತ್ತು ಅವರ ಜೊತೆಗಾರರ ಪ್ರಕಾರ, ಒಂದು ಬರಹವನ್ನು ಯಾರ ಸಹಾಯವೂ ಇಲ್ಲದೆ ಸಲೀಸಾಗಿ ಓದಲು ಅದರ ಸುಮಾರು 98% ಪದಗಳು ಗೊತ್ತಿರಬೇಕು. ಅಂದರೆ ನೂರು ಪದಕ್ಕೆ ಎರಡು ಹೊಸ ಪದ. ಹತ್ತು ಹೊಸ ಪದ ಇದ್ದರೆ ನೀವು ಓದುತ್ತಿಲ್ಲ, ಡಿಕ್ಷನರಿ ನೋಡುತ್ತಿದ್ದೀರಿ. ದೊಡ್ಡ ಪತ್ರಿಕೆಗಳ ಸೈಟ್ ತೆರೆದು ಎರಡನೇ ಪ್ಯಾರಾಕ್ಕೆ ಸುಸ್ತಾಗುವವರು ಸಿಂಪಲ್ ಇಂಗ್ಲಿಷ್ ವಿಕಿಪೀಡಿಯಾಕ್ಕೆ ಹೋಗಲಿ. ವಿಷಯ ದೊಡ್ಡವರದೇ, ಭಾಷೆ ಮಾತ್ರ ಸುಲಭ. ವಾಯ್ಸ್ ಆಫ್ ಅಮೆರಿಕ 1959ರಲ್ಲೇ ಸುಮಾರು 1500 ಪದಗಳಲ್ಲಿ, ನಿಧಾನ ಗತಿಯಲ್ಲಿ ಸುದ್ದಿ ಓದುವ ಕಾರ್ಯಕ್ರಮ ಶುರು ಮಾಡಿತ್ತು. ಅಷ್ಟು ಕಡಿಮೆ ಪದಗಳಲ್ಲಿ ಜಗತ್ತಿನ ಸುದ್ದಿಯನ್ನೆಲ್ಲ ಹೇಳಬಹುದು ಅನ್ನುವುದು ಹೊಸಬರಿಗೆ ಸಮಾಧಾನ ಕೊಡುವ ಮಾತು.

ಕಿವಿಗೆ ಬೀಳುವ ಇಂಗ್ಲಿಷ್ ಯಾಕೆ ಅಷ್ಟು ಕಷ್ಟ?

ಓದಿದರೆ ಅರ್ಥವಾಗುವ ವಾಕ್ಯವೇ ಕೇಳಿದಾಗ ಅರ್ಥವಾಗುವುದಿಲ್ಲ. ಇದು ಬಹುತೇಕ ಎಲ್ಲರ ದೂರು. 'ಅವರು ಫಾಸ್ಟಾಗಿ ಮಾತಾಡುತ್ತಾರೆ' ಎಂದು ನಾವು ಬೈದುಕೊಳ್ಳುತ್ತೇವೆ. ಕಾರಣ ಬರೀ ವೇಗವಲ್ಲ. ಕನ್ನಡದಲ್ಲಿ ನಾವು ಒಂದೊಂದು ಅಕ್ಷರಕ್ಕೂ ಅದರ ಪಾಲಿನ ಹೊತ್ತು ಕೊಟ್ಟು ಮಾತಾಡುತ್ತೇವೆ. ಇಂಗ್ಲಿಷಿನಲ್ಲಿ ಒತ್ತು ಬೀಳುವ ಭಾಗ ಎದ್ದು ಕೇಳುತ್ತದೆ, ಉಳಿದದ್ದು ಸೊರಗಿ ಹೋಗುತ್ತದೆ. 'ಐ ಶುಡ್ ಹ್ಯಾವ್ ಟೋಲ್ಡ್ ಹಿಮ್' ಎಂದು ಪುಸ್ತಕದಲ್ಲಿರುವುದು ಬಾಯಲ್ಲಿ 'ಐ ಶುಡವ್ ಟೋಲ್ಡಿಮ್' ಆಗುತ್ತದೆ. ಐದೂ ಪದ ನಮಗೆ ಗೊತ್ತು. ಆದರೆ ಕಿವಿ ಹುಡುಕುತ್ತಿರುವುದು 'ಹ್ಯಾವ್' ಮತ್ತು 'ಹಿಮ್' ಅನ್ನು. ಅವು ಅಲ್ಲಿ ಇಲ್ಲವೇ ಇಲ್ಲ.

ಆದ್ದರಿಂದ ಸುಮ್ನೆ ಗಂಟೆಗಟ್ಟಲೆ ಇಂಗ್ಲಿಷ್ ವಿಡಿಯೊ ಹಾಕಿಕೊಂಡು ಕೂತರೆ ಸುಧಾರಣೆ ಬಹಳ ನಿಧಾನ. ಬೇಕಾದದ್ದು ಎರಡು: ಆಡಿಯೊ, ಮತ್ತು ಅದರಲ್ಲಿ ಆಡಿದ ಮಾತೆಲ್ಲ ಬರಹದಲ್ಲಿರುವ ಟ್ರಾನ್ಸ್‌ಕ್ರಿಪ್ಟ್. 1943ರಿಂದ ರೇಡಿಯೊದಲ್ಲಿ ಇಂಗ್ಲಿಷ್ ಕಲಿಸುತ್ತಾ ಬಂದ ಬಿಬಿಸಿ ಈಗ ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಸೈಟ್ ನಡೆಸುತ್ತದೆ. ಅದರ '6 ಮಿನಿಟ್ ಇಂಗ್ಲಿಷ್' ಕಾರ್ಯಕ್ರಮಕ್ಕೆ ಟ್ರಾನ್ಸ್‌ಕ್ರಿಪ್ಟ್ ಸಿಗುತ್ತದೆ. ಬ್ರಿಟಿಷ್ ಕೌನ್ಸಿಲಿನ ಲರ್ನ್‌ಇಂಗ್ಲಿಷ್ ಸೈಟ್‌ನಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಆಡಿಯೊ ಇದೆ. ಟೆಡ್ ಭಾಷಣಗಳ ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದು ವಾಕ್ಯದ ಮೇಲೆ ಒತ್ತಿದರೆ ವಿಡಿಯೊ ಅಲ್ಲಿಗೇ ಹೋಗುತ್ತದೆ. ಈ ಸೌಲಭ್ಯ ಸಣ್ಣದು, ಆದರೆ ಬಹಳ ಕೆಲಸದ್ದು.

ಬಳಸುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆರು ನಿಮಿಷದ ಆಡಿಯೊ ಇದೆ ಅನ್ನಿ. ಮೊದಲು ಟ್ರಾನ್ಸ್‌ಕ್ರಿಪ್ಟ್ ನೋಡದೆ ಪೂರ್ತಿ ಕೇಳಿ, ವಿಷಯ ಏನು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. ಆಮೇಲೆ ಬರೀ ಒಂದು ನಿಮಿಷದ ತುಂಡು ಹಿಡಿದುಕೊಳ್ಳಿ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ಬರೆಯಿರಿ. ಗೊತ್ತಾಗದ ಕಡೆ ಗೆರೆ ಎಳೆದು ಮುಂದೆ ಹೋಗಿ. ಮೂರು ಸಲಕ್ಕಿಂತ ಜಾಸ್ತಿ ಕೇಳಬೇಡಿ. ಈಗ ಟ್ರಾನ್ಸ್‌ಕ್ರಿಪ್ಟ್ ತೆರೆದು ಪಕ್ಕದಲ್ಲಿಟ್ಟು ಹೋಲಿಸಿ.

ಕಲಿಕೆ ಆಗುವುದು ಈ ಹೋಲಿಕೆಯಲ್ಲೇ. ತಪ್ಪಿಹೋದ ಪ್ರತಿ ಜಾಗದಲ್ಲೂ ಕಾರಣ ಹುಡುಕಿ. ಆ ಪದವೇ ಗೊತ್ತಿರಲಿಲ್ಲವೋ? ಹಾಗಿದ್ದರೆ ಅದು ಪದಸಂಪತ್ತಿನ ಸಮಸ್ಯೆ, ಡಿಕ್ಷನರಿ ಸಾಕು. ಪದ ಗೊತ್ತಿದ್ದೂ ಕಿವಿಗೆ ಸಿಗಲಿಲ್ಲವೋ? ಅದು 'ಶುಡವ್' ಸಮಸ್ಯೆ, ಆ ತುಣುಕನ್ನು ಹತ್ತು ಸಲ ಕೇಳಿ ಹಾಗೇ ಅನ್ನಬೇಕು. ಪದಗಳೆಲ್ಲ ಸಿಕ್ಕರೂ ಅರ್ಥ ಹೊಳೆಯಲಿಲ್ಲವೋ? ಅದು ಯಾವುದೋ ನುಡಿಗಟ್ಟು ಇರಬಹುದು, ಇಲ್ಲವೇ ವಾಕ್ಯರಚನೆ ತೊಡಕಿನದಿರಬಹುದು. ಮೂರಕ್ಕೂ ಮದ್ದು ಬೇರೆ. 'ನನ್ನ ಲಿಸನಿಂಗ್ ವೀಕು' ಎಂದು ಕೊರಗುವವರಿಗೆ ಈ ಮೂರರಲ್ಲಿ ತಮ್ಮದು ಯಾವುದು ಎಂದೇ ಗೊತ್ತಿರುವುದಿಲ್ಲ.

ಕೊನೆಗೆ ಅದೇ ಒಂದು ನಿಮಿಷವನ್ನು ಆಡಿಯೊದ ಜೊತೆಜೊತೆಗೇ, ಅದರ ಏರಿಳಿತ ಹಿಡಿದು, ಗಟ್ಟಿಯಾಗಿ ಹೇಳಿ. ಇದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ. ಮೊದಮೊದಲು ಮುಜುಗರ ಆಗುತ್ತದೆ, ಬಾಗಿಲು ಹಾಕಿಕೊಳ್ಳಿ.

ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು. ಹೋಲಿಸುವ ಹಂತದಲ್ಲಿ ಮಾತ್ರ ಇಳಿಸಿ, ಆಮೇಲೆ ಮತ್ತೆ ಮೊದಲಿನ ವೇಗಕ್ಕೆ ಬನ್ನಿ. ಸಬ್‌ಟೈಟಲ್ ವಿಷಯವೂ ಹೀಗೇ. ಕನ್ನಡ ಸಬ್‌ಟೈಟಲ್ ಹಾಕಿದರೆ ಕಣ್ಣು ಓದುತ್ತದೆ, ಕಿವಿ ರಜೆ ಹಾಕುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಆದರೆ ಎರಡನೇ ಸಲ ನೋಡುವಾಗ ಹಾಕಿಕೊಳ್ಳಿ. ಯಂತ್ರವೇ ಬರೆದ ಸಬ್‌ಟೈಟಲ್‌ನಲ್ಲಿ, ಅದರಲ್ಲೂ ಹೆಸರುಗಳ ವಿಷಯದಲ್ಲಿ, ತಪ್ಪು ಇರುತ್ತದೆ ಎಂಬ ಎಚ್ಚರ ಇರಲಿ.

ಒಂದೇ ಪದದ ಉಚ್ಚಾರಣೆ ಬೇಕಾದರೆ ಎರಡು ಸೈಟ್ ಇವೆ. ಫೋರ್ವೊದಲ್ಲಿ ಬೇರೆ ಬೇರೆ ದೇಶದ ಜನರೇ ಪದ ಹೇಳಿ ರೆಕಾರ್ಡ್ ಮಾಡಿದ್ದಾರೆ. ಯೂಗ್ಲಿಷ್‌ನಲ್ಲಿ ಒಂದು ಪದವನ್ನೋ ಪದಗುಚ್ಛವನ್ನೋ ಹಾಕಿದರೆ, ಜನ ಅದನ್ನು ನಿಜವಾಗಿ ಆಡಿದ ಯೂಟ್ಯೂಬ್ ತುಣುಕುಗಳು ಒಂದಾದ ಮೇಲೊಂದು ಬರುತ್ತವೆ. 'ಶುಡ್ ಹ್ಯಾವ್ ಟೋಲ್ಡ್' ಎಂದು ಹಾಕಿ, ಬೇರೆ ಬೇರೆ ಬಾಯಲ್ಲಿ ಕೇಳಿ. ಪುಸ್ತಕದ ವಿವರಣೆಗಿಂತ ಬೇಗ ಅರ್ಥವಾಗುತ್ತದೆ.

ಡಿಕ್ಷನರಿ ಅಂದರೆ ಬರೀ ಅರ್ಥವಲ್ಲ

ನನ್ನ ಮಟ್ಟಿಗೆ ಇಂಟರ್‌ನೆಟ್ ಕೊಟ್ಟ ದೊಡ್ಡ ಉಡುಗೊರೆ ಕಲಿಯುವವರ ಡಿಕ್ಷನರಿಗಳು ಪುಕ್ಕಟೆ ಆಗಿದ್ದು. ಆದರೆ ಜನ ಅವನ್ನು ಬಿಟ್ಟು ಗೂಗಲ್ ಟ್ರಾನ್ಸ್‌ಲೇಟ್‌ಗೆ ಓಡುತ್ತಾರೆ.

ಕಲಿಯುವವರ ಡಿಕ್ಷನರಿ ಬೇರೆಯೇ ಜಾತಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಅಲ್ಲಿನ ವಿದ್ಯಾರ್ಥಿಗಳ ಕಷ್ಟ ನೋಡಿ ತಯಾರಿಸಿದ ಡಿಕ್ಷನರಿಯನ್ನು 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇಂಗ್ಲಿಷ್ ಮನೆಮಾತಿನವರಿಗೆ ಬೇಡವಾದ, ಆದರೆ ಕಲಿಯುವವರಿಗೆ ಬೇಕೇ ಬೇಕಾದ ಮಾಹಿತಿ ಅದರಲ್ಲಿತ್ತು: ಈ ಕ್ರಿಯಾಪದದ ಮುಂದೆ ಏನು ಬರುತ್ತದೆ, ಈ ಪದಕ್ಕೆ ಬಹುವಚನ ಇದೆಯೇ, ಇತ್ಯಾದಿ. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಇನ್ನೊಂದು ಹೆಜ್ಜೆ ಹಾಕಿತು. ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳಲ್ಲೇ ಬರೆಯಿತು. ಅರ್ಥ ನೋಡಲು ಹೋಗಿ ಅಲ್ಲಿನ ಪದಕ್ಕೆ ಮತ್ತೆ ಅರ್ಥ ಹುಡುಕುವ ಗೋಳು ತಪ್ಪಿತು. ಇವೆರಡೂ, ಜೊತೆಗೆ ಕೇಂಬ್ರಿಜ್ ಡಿಕ್ಷನರಿಯೂ, ಈಗ ಮೊಬೈಲ್‌ನಲ್ಲೇ ಸಿಗುತ್ತವೆ.

ಒಂದು ಪದ ತೆಗೆದು ನೋಡೋಣ. 'ಡಿಸ್ಕಸ್'. ನಾವು ಕನ್ನಡದಲ್ಲಿ 'ಅದರ ಬಗ್ಗೆ ಚರ್ಚಿಸೋಣ' ಅನ್ನುತ್ತೇವೆ. ಆ ಜಾಡಿನಲ್ಲೇ 'ಲೆಟ್ ಅಸ್ ಡಿಸ್ಕಸ್ ಅಬೌಟ್ ಇಟ್' ಎಂದು ಬಾಯಿಗೆ ಬರುತ್ತದೆ. ಅರ್ಥ ಗೊತ್ತಿರುವ ಪದ ಎಂದು ನಾವು ಡಿಕ್ಷನರಿ ತೆರೆಯುವುದೇ ಇಲ್ಲ. ತೆರೆದರೆ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯಲ್ಲಿ ಸ್ಪಷ್ಟವಾಗಿ ಹೇಳಿದೆ: 'ಡಿಸ್ಕಸ್' ಜೊತೆ 'ಅಬೌಟ್' ಹಾಕಬಾರದು. 'ಡಿಸ್ಕಸ್ ದ ಪ್ರಾಬ್ಲಂ', 'ಡಿಸ್ಕಸ್ ಇಟ್ ವಿತ್ ಹರ್', ಅಷ್ಟೇ. ಮುಂದಿನ ಸಲ ಡಿಕ್ಷನರಿ ತೆರೆದಾಗ ಅರ್ಥ ಓದಿ ಮುಚ್ಚಬೇಡಿ. ಎರಡು ಉದಾಹರಣೆ ವಾಕ್ಯ ಓದಿ, ಪದದ ಹಿಂದೆ ಮುಂದೆ ಏನಿದೆ ನೋಡಿ, ಸ್ಪೀಕರ್ ಗುರುತು ಒತ್ತಿ ಕೇಳಿ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಕಾರ್ಪಸ್ ಇದೆ. ಕಾರ್ಪಸ್ ಅಂದರೆ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷಿನ ದೊಡ್ಡ ಸಂಗ್ರಹ. ಅಮೆರಿಕದ ಮಾರ್ಕ್ ಡೇವೀಸ್ ಕಟ್ಟಿದ ಕೋಕಾ ಎಂಬ ಕಾರ್ಪಸ್‌ನಲ್ಲಿ 1990ರಿಂದ 2019ರವರೆಗಿನ ನೂರು ಕೋಟಿಗೂ ಹೆಚ್ಚು ಪದಗಳಿವೆ. ಅದು ಸ್ವಲ್ಪ ತೊಡಕಿನ ಸೈಟ್. ಕಲಿಯುವವರಿಗೆ ಸ್ಕೆಲ್ ಎಂಬ ಸೈಟ್ ಹಗುರ. ಅಲ್ಲಿ 'ರೇನ್' ಎಂದು ಹಾಕಿ. ಆ ಪದದ ಜೊತೆ ಯಾವ ವಿಶೇಷಣಗಳು ಓಡಾಡುತ್ತವೆ ಎಂಬ ಪಟ್ಟಿ ಬರುತ್ತದೆ. 'ಹೆವಿ ರೇನ್' ಸಿಗುತ್ತದೆ. ಜೋರು ಮಳೆ ಎಂದು ನಾವು ಊಹಿಸಿ ಬರೆಯುವ 'ಸ್ಟ್ರಾಂಗ್ ರೇನ್' ಇಂಗ್ಲಿಷಿನಲ್ಲಿ ಅಪರೂಪ. ಅದೇ ಕಾಫಿ ಆದರೆ ಸ್ಟ್ರಾಂಗ್. ಇದಕ್ಕೆ ನಿಯಮ ಇಲ್ಲ, ಕಾರಣ ಕೇಳಿದರೆ ಯಾರೂ ಹೇಳುವುದಿಲ್ಲ. ಬಳಕೆ ನೋಡಿಯೇ ತಿಳಿಯಬೇಕು. ವ್ಯಾಕರಣದ ಪುಸ್ತಕ ಕೈಚೆಲ್ಲುವ ಇಂಥ ಕಡೆಯೇ ಕಾರ್ಪಸ್ ನೆರವಿಗೆ ಬರುತ್ತದೆ.

ಪದ ನೆನಪಿಡುವ ಲೆಕ್ಕ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಒಂದೆರಡು ದಿನದಲ್ಲೇ ಭರ್ಜರಿ, ಆಮೇಲೆ ನಿಧಾನ. ಅಂದರೆ ಪದವೊಂದನ್ನು ಒಂದೇ ದಿನ ಇಪ್ಪತ್ತು ಸಲ ಓದುವುದಕ್ಕಿಂತ, ಇವತ್ತು ಒಮ್ಮೆ, ನಾಡಿದ್ದು ಒಮ್ಮೆ, ಮುಂದಿನ ವಾರ ಒಮ್ಮೆ, ಮುಂದಿನ ತಿಂಗಳು ಒಮ್ಮೆ ನೆನಪಿಸಿಕೊಳ್ಳುವುದು ಲಾಭ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನು ರಟ್ಟಿನ ಪೆಟ್ಟಿಗೆ ಮತ್ತು ಚೀಟಿಗಳಲ್ಲಿ ಮಾಡಿ ತೋರಿಸಿದ. ಪೋಲೆಂಡಿನ ಪ್ಯೋತರ್ ವೋಜ್ನಿಯಾಕ್ 1980ರ ದಶಕದಲ್ಲಿ ಯಾವ ಪದವನ್ನು ಯಾವಾಗ ಮತ್ತೆ ಕೇಳಬೇಕು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿದ. 2006ರಲ್ಲಿ ಬಂದ ಆಂಕಿ ಅದೇ ದಾರಿಯ ಸಾಫ್ಟ್‌ವೇರ್. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಐಫೋನ್‌ನಲ್ಲಿ ದುಡ್ಡು ಕೊಡಬೇಕು. ನೋಡಲು ಚೆಂದ ಇಲ್ಲ. ಕೆಲಸ ಮಾತ್ರ ಪಕ್ಕಾ.

ಆಂಕಿಯಲ್ಲಿ ಜನ ಎಡವುವುದು ಚೀಟಿ ಬರೆಯುವಲ್ಲಿ. ಒಂದು ಕಡೆ 'ರಿಲಕ್ಟಂಟ್', ಇನ್ನೊಂದು ಕಡೆ 'ಮನಸ್ಸಿಲ್ಲದ' ಎಂದು ಬರೆಯುತ್ತಾರೆ. ಇಂಗ್ಲಿಷ್ ಪದ ನೋಡಿ ಕನ್ನಡ ಹೇಳುವುದು ಮತ್ತೆ ಗುರುತಿಸುವ ಕೆಲಸವೇ. ತಿರುಗಿಸಿ ಬರೆಯಿರಿ. ಮುಂದೆ 'ಶಿ ವಾಸ್ ಡ್ಯಾಶ್ ಟು ಅಡ್ಮಿಟ್ ಶಿ ವಾಸ್ ರಾಂಗ್' ಎಂದು ವಾಕ್ಯ ಹಾಕಿ, ಪಕ್ಕದಲ್ಲಿ 'ಮನಸ್ಸಿಲ್ಲದ' ಎಂಬ ಸುಳಿವು ಕೊಡಿ. ಹಿಂದೆ 'ರಿಲಕ್ಟಂಟ್' ಮತ್ತು ಅದರ ಆಡಿಯೊ. ಈಗ ಪದವನ್ನು ನೀವೇ ಹೊರತೆಗೆಯಬೇಕು. ಅದರ ಮುಂದೆ 'ಟು' ಬರುತ್ತದೆ ಅನ್ನುವುದು ಜೊತೆಗೇ ಬಂತು.

ಬೇರೆಯವರು ಮಾಡಿಟ್ಟ 5000 ಚೀಟಿಗಳ ಕಟ್ಟು ಇಳಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ನೀವೇ ಎಲ್ಲೋ ಓದಿದ, ಕೇಳಿದ ವಾಕ್ಯದಿಂದ ಬಂದ ಪದ ತಲೆಯಲ್ಲಿ ಕೂರುವಂತೆ ಇನ್ನೊಬ್ಬರ ಪಟ್ಟಿಯ ಪದ ಕೂರುವುದಿಲ್ಲ. ದಿನಕ್ಕೆ ಎಂಟು ಹತ್ತು ಹೊಸ ಪದ ಸಾಕು, ಯಾಕೆಂದರೆ ಇವತ್ತಿನ ಒಂದೊಂದು ಹೊಸ ಪದವೂ ಮುಂದಿನ ವಾರಗಳ ಪುನರಾವರ್ತನೆಯ ಸಾಲ. ಉತ್ಸಾಹದಲ್ಲಿ ದಿನಕ್ಕೆ ಐವತ್ತು ಹಾಕಿದವರು ತಿಂಗಳೊಳಗೆ ಆ್ಯಪ್ ತೆರೆಯಲು ಹೆದರುತ್ತಾರೆ.

ಯಾವ ಪದ ಮೊದಲು ಎಂಬ ಪ್ರಶ್ನೆಗೂ ಉತ್ತರ ಇದೆ. ಮೈಕೆಲ್ ವೆಸ್ಟ್ 1953ರಲ್ಲೇ ಅತಿ ಹೆಚ್ಚು ಬಳಕೆಯ ಸುಮಾರು 2000 ಪದಗಳ ಪಟ್ಟಿ ಕೊಟ್ಟಿದ್ದರು. 2013ರಲ್ಲಿ ಸುಮಾರು 2800 ಪದಗಳ ಹೊಸ ಪಟ್ಟಿ ಬಂತು. ಸಾಮಾನ್ಯ ಬರಹದ 90%ಕ್ಕೂ ಹೆಚ್ಚು ಭಾಗ ಅಷ್ಟರಲ್ಲೇ ಮುಗಿಯುತ್ತದೆ. ಈ ಪಟ್ಟಿಯ ಒಳಗಿನ ಪದ ಸಿಕ್ಕರೆ ಕೂಡಲೇ ಚೀಟಿ ಮಾಡಿ. ಹೊರಗಿನದು ಸಿಕ್ಕರೆ, ನಿಮ್ಮ ಕೆಲಸಕ್ಕೆ ಬೇಕಾದದ್ದಲ್ಲದಿದ್ದರೆ, ಬಿಟ್ಟುಬಿಡಿ.

ವ್ಯಾಕರಣ ಮತ್ತು ತಿದ್ದುವ ಯಂತ್ರಗಳು

ವ್ಯಾಕರಣದ ವಿವರಣೆಗೆ ಬ್ರಿಟಿಷ್ ಕೌನ್ಸಿಲ್ ಅಥವಾ ಕೇಂಬ್ರಿಜ್ ಪುಟಗಳು ಸಾಕು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರಾಮರ್ಲಿ, ಲ್ಯಾಂಗ್ವೇಜ್‌ಟೂಲ್‌ನಂಥ ತಿದ್ದುವ ಯಂತ್ರಗಳ ಬಗ್ಗೆ ಮಾತ್ರ ಎರಡು ಮಾತು. ಕೆಂಪು ಗೆರೆ ಕಂಡ ಕೂಡಲೇ ಒತ್ತಿ ಸರಿ ಮಾಡಿಸಿಕೊಂಡರೆ ಪತ್ರ ಸುಧಾರಿಸುತ್ತದೆ, ಬರೆದವರು ಸುಧಾರಿಸುವುದಿಲ್ಲ. ಗೆರೆ ಮಾತ್ರ ನೋಡಿ, ಉತ್ತರ ನೋಡದೆ ನೀವೇ ತಿದ್ದಿ, ಆಮೇಲೆ ತಾಳೆ ಹಾಕಿ.

ಯಂತ್ರ ಹಿಡಿಯಲಾರದ ತಪ್ಪುಗಳೂ ಇವೆ. 'ಐ ಬಾಟ್ ಬುಕ್' ಅಂದರೆ ಹಿಡಿಯುತ್ತದೆ. ಆದರೆ ಅಲ್ಲಿ 'ಎ ಬುಕ್' ಬೇಕೋ 'ದ ಬುಕ್' ಬೇಕೋ ಅನ್ನುವುದು, ಯಾವ ಪುಸ್ತಕ ಎಂದು ಕೇಳುವವರಿಗೆ ಮೊದಲೇ ಗೊತ್ತೇ ಎಂಬುದರ ಮೇಲೆ ನಿಂತಿದೆ. ಅದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಬಾಯಿ ಬಿಡಿಸುವ ಟೂಲ್‌ಗಳು

ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ವರ್ಷಗಟ್ಟಲೆ ಓದಿದರು. ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಚೆನ್ನಾಗಿ ಪಳಗಿದರು. ಆದರೆ ಮಾತು ಮತ್ತು ಬರಹದಲ್ಲಿ ತಪ್ಪು ಉಳಿದೇಬಿಟ್ಟಿತು. ಇದನ್ನು ನೋಡಿದ ಮೆರಿಲ್ ಸ್ವೇನ್ 1985ರಲ್ಲಿ ವಾದಿಸಿದ್ದು: ಕೇಳುವುದು, ಓದುವುದು ಇಷ್ಟೇ ಸಾಲದು, ನಾವೇ ಮಾತು ಕಟ್ಟಿ ಹೇಳುವ ಒತ್ತಡ ಬೀಳಬೇಕು. ಹೇಳಲು ಹೋದಾಗಲೇ ಏನು ಬರುವುದಿಲ್ಲ ಎಂದು ಗೊತ್ತಾಗುವುದು.

ಇದಕ್ಕೆ ಬೇಕಾದ ಟೂಲ್ ಎಲ್ಲರ ಫೋನಿನಲ್ಲೂ ಇದೆ, ಅದು ವಾಯ್ಸ್ ರೆಕಾರ್ಡರ್. ಒಂದು ವಿಷಯದ ಮೇಲೆ ನಾಲ್ಕು ನಿಮಿಷ ಮಾತಾಡಿ. ಅದನ್ನೇ ಮೂರು ನಿಮಿಷದಲ್ಲಿ ಹೇಳಿ, ಮತ್ತೆ ಎರಡು ನಿಮಿಷದಲ್ಲಿ. ವಿಷಯ ಹಳೆಯದಾದ್ದರಿಂದ ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗುತ್ತದೆ. ನಾಲ್ಕು ನಿಮಿಷ ಜಾಸ್ತಿ ಅನಿಸಿದರೆ ಅರ್ಧದಿಂದ ಶುರು ಮಾಡಿ.

ಫೋನಿನ ಧ್ವನಿ ಟೈಪಿಂಗ್‌ಗೆ ಹೇಳಿ ಉಚ್ಚಾರಣೆ ಪರೀಕ್ಷಿಸುವವರಿದ್ದಾರೆ. ತಪ್ಪಿಲ್ಲ, ಆದರೆ ಅದನ್ನು ಜಡ್ಜ್ ಮಾಡಿ ಕೂರಿಸಬೇಡಿ. ಅದು ಸಂದರ್ಭ ನೋಡಿ ಊಹೆ ಮಾಡುತ್ತದೆ. ಎಲ್ಲ ಊರಿನ ಧಾಟಿಯೂ ಅದಕ್ಕೆ ಒಂದೇ ಥರ ಒಗ್ಗಿಲ್ಲ. ಧಾಟಿ ಬದಲಾಯಿಸುವ ಹಂಬಲಕ್ಕಿಂತ ಒತ್ತು ಸರಿಮಾಡಿಕೊಳ್ಳುವುದು ಹೆಚ್ಚು ಲಾಭ. 'ಫೋಟೋಗ್ರಾಫ್' ಅನ್ನುವಾಗ ಒತ್ತು 'ಫೋ' ಮೇಲೆ. 'ಫೊಟಾಗ್ರಫರ್' ಅನ್ನುವಾಗ 'ಟಾ' ಮೇಲೆ. ಕೇಳುವವರು ಪದ ಹಿಡಿಯುವುದು ಬಹಳ ಮಟ್ಟಿಗೆ ಈ ಒತ್ತಿನಿಂದಲೇ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮಾತಿಗೆ ಜೊತೆ ಇಲ್ಲ ಎಂಬ ನೆಪ ಹೋಯಿತು. ಸಂದರ್ಶನದ ಅಭ್ಯಾಸ, ಫೋನಿನಲ್ಲಿ ದೂರು ಕೊಡುವ ಅಭ್ಯಾಸ, ಏನು ಬೇಕಾದರೂ ಮಾಡಿಸಬಹುದು. ಆದರೆ ಸುಮ್ನೆ ಮಾತಿಗೆ ಕೂತರೆ ಅದು ನಿಮ್ಮ ಹರುಕು ಮುರುಕು ಇಂಗ್ಲಿಷನ್ನೂ ಅರ್ಥ ಮಾಡಿಕೊಂಡು ವಿನಯದಿಂದ ಮುಂದೆ ಹೋಗುತ್ತದೆ. ಮನುಷ್ಯರಾದರೆ 'ಏನಂದ್ರಿ?' ಎಂದು ಹುಬ್ಬೇರಿಸುತ್ತಾರೆ, ಆಗ ನಾವು ವಾಕ್ಯ ಸರಿಮಾಡಿಕೊಳ್ಳುತ್ತೇವೆ. ಆ ಒತ್ತಡ ಇಲ್ಲಿಲ್ಲ. ಅದನ್ನು ನೀವೇ ಕೇಳಿ ಪಡೆಯಬೇಕು. ಶುರುವಿನಲ್ಲೇ ಹೀಗೆ ಹೇಳಿ: 'ಬಿ1 ಮಟ್ಟದ ಪದಗಳಲ್ಲಿ ಮಾತಾಡು. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನನ್ನ ವಾಕ್ಯದಲ್ಲಿ ತಪ್ಪಿದ್ದರೆ ಎಲ್ಲಿ ಎಂದು ತೋರಿಸು, ಸರಿ ರೂಪ ಹೇಳಬೇಡ. ನಾನು ಎರಡು ಸಲ ಪ್ರಯತ್ನಿಸಿದ ಮೇಲೆ ಹೇಳು.' ಇದನ್ನು ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ವ್ಯಾಕರಣದ ನಿಯಮ ಕೇಳಿದಾಗ ಮಾತ್ರ ಹುಷಾರು. ತಪ್ಪು ವಿವರಣೆಯನ್ನೂ ಅದು ಅಷ್ಟೇ ಧೈರ್ಯದಿಂದ ಕೊಡುತ್ತದೆ. ಅನುಮಾನ ಬಂದರೆ ಮೇಲೆ ಹೇಳಿದ ಡಿಕ್ಷನರಿಗೆ ಹೋಗಿ.

ಕಲಿಸುವವರಿಗೆ

ಮೊದಲು ಒಂದು ಸಣ್ಣ ಲೆಕ್ಕ. 40 ನಿಮಿಷದ ಆನ್‌ಲೈನ್ ಕ್ಲಾಸಿನಲ್ಲಿ 20 ಮಕ್ಕಳಿದ್ದಾರೆ. ಒಬ್ಬೊಬ್ಬರನ್ನೇ ಮಾತಾಡಿಸಿದರೆ, ಟೀಚರ್ ಬಾಯಿಯೇ ಬಿಡದಿದ್ದರೂ, ಒಂದು ಮಗುವಿಗೆ ಸಿಗುವುದು ಎರಡು ನಿಮಿಷ. ಅದೇ ಮಕ್ಕಳನ್ನು ಇಬ್ಬಿಬ್ಬರಂತೆ ಜೂಮ್‌ನ ಬ್ರೇಕ್‌ಔಟ್ ರೂಮಿಗೆ 20 ನಿಮಿಷ ಕಳಿಸಿದರೆ ಒಬ್ಬೊಬ್ಬರಿಗೆ ಹತ್ತು ನಿಮಿಷ. ತಪ್ಪು ಮಾತಾಡುತ್ತಾರೆ, ನಡುವೆ ಕನ್ನಡವೂ ಬರುತ್ತದೆ. ಬರಲಿ. ಕೈಯಲ್ಲಿ ಮುಗಿಸಲೇಬೇಕಾದ ಕೆಲಸ ಒಂದಿರಬೇಕು ಅಷ್ಟೇ: ಇಬ್ಬರ ಬಳಿ ಸ್ವಲ್ಪ ಬೇರೆಯಾದ ಎರಡು ಚಿತ್ರ ಕೊಟ್ಟು, ತೋರಿಸದೆ ಮಾತಿನಲ್ಲೇ ಐದು ವ್ಯತ್ಯಾಸ ಹುಡುಕಿ ಅನ್ನಿ.

ಪಾಠಕ್ಕೆ ಆರಿಸಿದ ಬರಹ ಮಕ್ಕಳಿಗೆ ಕಷ್ಟವೋ ಎಂದು ಊಹಿಸಬೇಕಾಗಿಲ್ಲ. ಲೆಕ್ಸ್‌ಟ್ಯೂಟರ್ ಸೈಟ್‌ನ ವೊಕ್ಯಾಬ್‌ಪ್ರೊಫೈಲ್‌ಗೆ ಬರಹ ಅಂಟಿಸಿದರೆ, ಮೊದಲ ಸಾವಿರ ಪದಗಳೊಳಗಿನವು ಯಾವುವು, ಅದರಾಚೆಯವು ಯಾವುವು ಎಂದು ಬಣ್ಣ ಹಚ್ಚಿ ತೋರಿಸುತ್ತದೆ. ಆಚೆಯ ಪದ ಜಾಸ್ತಿ ಇದ್ದರೆ ಬರಹ ಬದಲಿಸಿ, ಇಲ್ಲವೇ ಆ ಪದಗಳನ್ನು ಮೊದಲೇ ಹೇಳಿಕೊಡಿ.

ನಾರ್ವೆಯ ಕಹೂಟ್‌ನಂಥ ಕ್ವಿಜ್ ಆಟಗಳಿಗೆ ಕ್ಲಾಸ್ ಎದ್ದು ಕೂರುತ್ತದೆ. ಹಿಂದಿನ ಪಾಠ ನೆನಪಿಸಲು ಐದು ನಿಮಿಷ ಬಳಸಿ. ಅಲ್ಲಿ ಬೇಗ ಒತ್ತಿದವರಿಗೆ ಹೆಚ್ಚು ಅಂಕ, ಹಾಗಾಗಿ ಅದೃಷ್ಟದ ಪಾಲೂ ಇರುತ್ತದೆ. ಅದರ ಅಂಕವನ್ನು ಮಾರ್ಕ್ಸ್ ಕಾರ್ಡಿಗೆ ಸೇರಿಸಬೇಡಿ. ಗೂಗಲ್ ಫಾರ್ಮ್ಸ್‌ನಲ್ಲಿ ಪರೀಕ್ಷೆ ಕೊಡುವಾಗ ತಾನೇ ತಿದ್ದಿಕೊಳ್ಳುತ್ತದೆ ಎಂದು ನಾಲ್ಕು ಆಯ್ಕೆಯ ಪ್ರಶ್ನೆಗೇ ಜೋತುಬೀಳುವುದು ಸುಲಭ. ಸಣ್ಣ ಉತ್ತರ ಬರೆಸುವ ಪ್ರಶ್ನೆಯನ್ನೂ ಅದು ತಕ್ಕ ಮಟ್ಟಿಗೆ ತಿದ್ದುತ್ತದೆ, ಸರಿ ಎನ್ನಬಹುದಾದ ಉತ್ತರಗಳನ್ನೆಲ್ಲ ಮೊದಲೇ ಕೊಟ್ಟಿರಬೇಕು ಅಷ್ಟೇ.

ಓದಲು ಪುಸ್ತಕ ಬೇಕೆಂದರೆ 1971ರಲ್ಲಿ ಮೈಕೆಲ್ ಹಾರ್ಟ್ ಶುರು ಮಾಡಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇದೆ, ಓದಿ ಹೇಳುವ ಆಡಿಯೊಗೆ ಲಿಬ್ರಿವಾಕ್ಸ್ ಇದೆ. ಎರಡೂ ಪುಕ್ಕಟೆ, ಕಾಪಿರೈಟ್ ಮುಗಿದ ಪುಸ್ತಕಗಳು. ಅಲ್ಲೇ ತೊಡಕು ಕೂಡ: ನೂರು, ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಅದು. ಹೊಸಬರ ಕೈಗೆ ಕೊಟ್ಟರೆ ಈಗ ಯಾರೂ ಆಡದ ಮಾತು ಕಲಿಯುತ್ತಾರೆ. ಮಕ್ಕಳಿಗೆ ಯಾವುದೇ ಸೈಟ್‌ನಲ್ಲಿ ಖಾತೆ ಮಾಡಿಸುವ ಮೊದಲು ವಯಸ್ಸಿನ ಮಿತಿ ನೋಡಿ, ಬಹಳಷ್ಟು ಕಡೆ ಅದು 13 ವರ್ಷ.

ಇನ್ನು ಯಂತ್ರದಿಂದ ಬರೆಸಿಕೊಂಡು ಬರುವ ಹೋಮ್‌ವರ್ಕ್. ಯಂತ್ರದ ಬರಹ ಪತ್ತೆ ಮಾಡುತ್ತೇವೆ ಅನ್ನುವ ಸೈಟ್‌ಗಳನ್ನು ನಂಬಿ ಮಕ್ಕಳನ್ನು ಕಟಕಟೆಗೆ ನಿಲ್ಲಿಸಬೇಡಿ. ಸ್ವಂತ ಬರೆದವರನ್ನೂ ಅವು ಹಿಡಿದುಕೊಡುತ್ತವೆ. ಪ್ರಬಂಧವನ್ನು ಗೂಗಲ್ ಡಾಕ್ಸ್‌ನಲ್ಲೇ ಬರೆಯಲು ಹೇಳಿ. ಅದರ ವರ್ಷನ್ ಹಿಸ್ಟರಿಯಲ್ಲಿ ಬರಹ ಹಂತಹಂತವಾಗಿ ಬೆಳೆಯಿತೋ, ಒಂದೇ ಏಟಿಗೆ ಬಂದು ಬಿತ್ತೋ ಎಂದು ಕಾಣುತ್ತದೆ. ತಪ್ಪು ತಿದ್ದುವಾಗ ಒಂದು ಸಲಕ್ಕೆ ಎರಡೇ ಬಗೆಯ ತಪ್ಪು ಹಿಡಿಯಿರಿ, ಕಾಮೆಂಟ್‌ನಲ್ಲಿ ಜಾಗ ತೋರಿಸಿ, ತಿದ್ದುವುದು ಅವರೇ ಮಾಡಲಿ. ಪ್ರಬಂಧದ ಜೊತೆ ಎರಡು ನಿಮಿಷದ ರೆಕಾರ್ಡಿಂಗ್ ಕೂಡ ಕೇಳಿ: ಬರೆದದ್ದನ್ನು ನೋಡದೆ, ಅದರಲ್ಲಿ ಏನು ಹೇಳಿದ್ದೇನೆ ಎಂದು ಬಾಯಲ್ಲಿ ಹೇಳಬೇಕು. ಯಂತ್ರದಿಂದ ಬರೆಸಿದವರೂ ಅಷ್ಟು ಹೇಳಬೇಕಾದರೆ ಅದನ್ನು ಓದಿ, ಅರ್ಥ ಮಾಡಿಕೊಂಡು, ತಮ್ಮ ಮಾತಿನಲ್ಲಿ ಹೊರತೆಗೆಯಲೇಬೇಕಾಗುತ್ತದೆ.